ಪ್ರಸಂಗ ನಿಂತ ಬೆಳಿಗ್ಗೆ

ದೈವಶಾಸ್ತ್ರ ಕಾಲೇಜಿನಲ್ಲಿ ಪ್ರಸಂಗ, ಅಂದರೆ ಚರ್ಚಿನ ಪ್ರವಚನ, ಮಾಡುವುದನ್ನು ಕಲಿಸುತ್ತಿದ್ದ ಮೇಡಂಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು ಗಡಿಯಾರ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಒಂದು ದಿನವೂ ತರಗತಿಗೆ ತಡವಾಗಿ ಬಂದವರಲ್ಲ. ಪರೀಕ್ಷೆಯ ಪ್ರಸಂಗ ಹದಿನೈದು ನಿಮಿಷ ದಾಟಿತೋ, ಮೇಜಿನ ಗಂಟೆ ಬಾರಿಸಿ ವಿದ್ಯಾರ್ಥಿಯನ್ನು ವೇದಿಕೆಯಿಂದ ಇಳಿಸಿಬಿಡುತ್ತಿದ್ದರು. ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಬೆಳಿಗ್ಗೆ ಪ್ರಾರ್ಥನಾಲಯದ ಮುಂದಿನ ಬೆಂಚಿನಲ್ಲಿ ಮೂವರು ಪರೀಕ್ಷಕರು: ಗಡಿಯಾರ ಮೇಡಂ, ಪ್ರಾಂಶುಪಾಲರು, ಚರ್ಚಿನ ಸಭಾ ಮಂಡಳಿ ಕಳಿಸಿದ್ದ ಹಿರಿಯ ಪಾದ್ರಿ. ವೇದಿಕೆಯ ಮೇಲೆ ಕೊನೆಯ ವರ್ಷದ ನರ್ಸಕ್ಕ. ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ದುಡಿದು ಓದಲು ಬಂದವಳಾದ್ದರಿಂದ ಸಹಪಾಠಿಗಳೆಲ್ಲ ಹಾಗೆ ಕರೆಯುತ್ತಿದ್ದರು. ಚೀಟಿಯಲ್ಲಿ ಅವಳಿಗೆ ಬಂದ ವಿಷಯ, ಸತ್ತ ಹುಡುಗಿಯನ್ನು ಯೇಸು ಕೈಹಿಡಿದು ಎಬ್ಬಿಸಿದ ಸಂಗತಿ.

ನಾಲ್ಕು ನಿಮಿಷ ಚೆನ್ನಾಗಿಯೇ ಮಾತಾಡಿದಳು. ಆಮೇಲೆ ನಿಂತುಬಿಟ್ಟಳು. ಕೈಯಲ್ಲಿದ್ದ ಹಾಳೆಯನ್ನು ಕೆಳಗಿಳಿಸಿದಳು.

"ಮುಂದೆ ಹೇಳಮ್ಮ," ಎಂದರು ಪಾದ್ರಿ.

"ಆಗಲ್ಲ ಅಯ್ಯನವರೇ. ಹೋದ ವರ್ಷ ನನ್ನ ಮಗಳು ತೀರ್ಕೊಂಡಳು. ಆರು ವರ್ಷ ಅವಳಿಗೆ. ಮಣ್ಣು ಮಾಡಿ ಮೂರನೇ ದಿನಕ್ಕೆ ಇಲ್ಲಿಗೆ ವಾಪಸ್ ಬಂದೆ. ನೊಂದವರನ್ನ ಸಂತೈಸೋದು ಹೇಗೆ ಅಂತ ಇಡೀ ವರ್ಷ ಪಾಠ ಮಾಡ್ತಾರಲ್ಲ ಇಲ್ಲಿ, ಒಬ್ಬರಾದ್ರೂ ಮಗು ಹೆಸರೇನಿತ್ತು ಅಂತ ಕೇಳಲಿಲ್ಲ. ಒಬ್ಬರು ಮಾತ್ರ ಹತ್ತಿರ ಬಂದರು. ಪ್ರಬಂಧ ಎಲ್ಲಿ ಅಂತ ಕೇಳೋಕೆ."

ಮೇಡಂಗೆ ಅಂದು ತಾವು ಆಡಿದ ಮಾತು ಒಂದಕ್ಷರ ಬಿಡದೆ ನೆನಪಾಯಿತು: 'ದುಃಖ ಯಾರಿಗಿಲ್ಲ? ನಾಳೆ ಪ್ರಬಂಧ ನನ್ನ ಮೇಜಿನ ಮೇಲಿರಲಿ.' ಸ್ವಂತ ತಾಯಿಯನ್ನು ಶನಿವಾರ ಮಣ್ಣಿಗಿಟ್ಟು ಸೋಮವಾರ ಪಾಠ ಮಾಡಿದವರು ಅವರು. ಅದನ್ನೇ ಗಟ್ಟಿತನವೆಂದು ನಂಬಿಕೊಂಡಿದ್ದರು.

"ಗಂಟೆ ಹೊಡೀರಿ ಮೇಡಂ," ಪ್ರಾಂಶುಪಾಲರು ಪಿಸುಗುಟ್ಟಿದರು. "ಮಂಡಳಿಯವರ ಮುಂದೆ ಕಾಲೇಜಿನ ಮಾನ ಹರಾಜಾಗ್ತಿದೆ."

ಪಾದ್ರಿಯ ಪೆನ್ನು ಆಗಲೇ ಹಾಳೆಯ ಮೇಲೆ ಓಡುತ್ತಿತ್ತು. 'ಅನರ್ಹ' ಎಂಬ ಪದ ಮೇಡಂ ಕಣ್ಣಿಗೆ ಬಿತ್ತು. ನರ್ಸಕ್ಕ ಯಾರ ಹೆಸರನ್ನೂ ಎತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಗಂಟೆಯವರೆಗೂ ಹೋಯಿತು. ಬಾರಿಸದೆ ಹಾಗೇ ಎದ್ದು ನಿಂತರು.

"ಪ್ರಬಂಧ ಕೇಳಿದವಳು ನಾನೇ."

ಹಿಂದಿನ ಸಾಲುಗಳಲ್ಲಿ ಕೂತಿದ್ದ ವಿದ್ಯಾರ್ಥಿಗಳು ಕತ್ತೆತ್ತಿ ನೋಡಿದರು.

"ಕೂತ್ಕೊಳ್ಳಿ ಮೇಡಂ!" ಎಂದು ಪ್ರಾಂಶುಪಾಲರು ಗದರಿದರು.

ಅವರು ಕೂರಲಿಲ್ಲ. ವೇದಿಕೆಯ ಮೆಟ್ಟಿಲ ಬಳಿ ಹೋಗಿ ಕೇಳಿದರು: "ಮಗು ಹೆಸರೇನಮ್ಮ?"

ನರ್ಸಕ್ಕ ಅವರನ್ನೇ ದುರುಗುಟ್ಟಿಕೊಂಡು ನೋಡಿದಳು. ಇಳಿದು ಹೊರಟೇಹೋಗುತ್ತಾಳೆ ಅನ್ನಿಸಿತು. ಆದರೆ ಹೆಸರು ಹೇಳಿದಳು. ಹಾಳೆಯನ್ನು ಮಡಚಿಟ್ಟು ಮಾತು ಮುಂದುವರಿಸಿದಳು.

"ಕಾಯಿಲೆ ಬಿದ್ದ ಮಗಳಿಗಾಗಿ ತಂದೆ ಯೇಸುವನ್ನ ಕರ್ಕೊಂಡು ಬರ್ತಿದ್ದ. ಇನ್ನೂ ದಾರಿಯಲ್ಲಿರುವಾಗಲೇ, ಮಗು ಸತ್ತಿದೆ ಅಂತ ಅವನಿಗೆ ಸುದ್ದಿ ಬಂತು. ಆಮೇಲೂ ಅವನು ಮನೆ ತನಕ ನಡೀಬೇಕಿತ್ತು. ಎಬ್ಬಿಸಿದ್ದರ ಬಗ್ಗೆ ನಾನೇನೂ ಹೇಳಲಾರೆ. ನಾನು ಬಲ್ಲದ್ದು ಆ ದಾರಿ ಮಾತ್ರ. ಅವನ ಜೊತೆಗೆ ಯೇಸುವೂ ನಡೆದ. ಸದ್ಯಕ್ಕೆ ನಾನು ನಂಬೋದು ಅಷ್ಟೇ."

ಇಪ್ಪತ್ತಮೂರು ನಿಮಿಷವಾಯಿತು. ಮೇಡಂ ಗಂಟೆ ಬಾರಿಸಲಿಲ್ಲ.

ಮಧ್ಯಾಹ್ನ ಪರೀಕ್ಷಕರ ಕೋಣೆಯಲ್ಲಿ ಎರಡು ಗಂಟೆ ಜಟಾಪಟಿ ನಡೆಯಿತು. ಪಾದ್ರಿ ಪಟ್ಟು ಬಿಡಲಿಲ್ಲ. ಕೊನೆಗೆ ಪ್ರಾಂಶುಪಾಲರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಪಾಸು ಅಂತ ಬರ್ಕೊಳ್ಳಿ," ಎಂದರು. ನಿಯಮ ಮುರಿದರೆಂದು ಮೇಡಂ ಮೇಲೆ ಪಾದ್ರಿ ಮಂಡಳಿಗೆ ದೂರು ಬರೆದರು. ಮುಂದಿನ ವರ್ಷದಿಂದ ಅವರು ಪರೀಕ್ಷಕಿಯಾಗಿ ಕೂರುವಂತಿಲ್ಲವೆಂದು ಆದೇಶ ಬಂತು. ಮೇಡಂ ಅದಕ್ಕೆ ಸಹಿ ಹಾಕಿದರು.

ಆದರೆ ಅದು ಆಮೇಲಿನ ಮಾತು. ಆ ಮಧ್ಯಾಹ್ನ ಕೋಣೆಯಿಂದ ಹೊರಬಂದಾಗ ನರ್ಸಕ್ಕ ಮೊಗಸಾಲೆಯಲ್ಲಿ ಕಾಯುತ್ತಿದ್ದಳು. ಫಲಿತಾಂಶ ಕೇಳಿ ತಲೆಯಾಡಿಸಿದಳು, ನಗಲಿಲ್ಲ.

"ಮೇಡಂ, ನಿಮ್ಮನ್ನ ಕ್ಷಮಿಸಿದೀನಿ ಅಂತ ಹೇಳೋಕೆ ನನಗಿನ್ನೂ ಬಾಯಿ ಬರ್ತಿಲ್ಲ."

"ಬರದಿದ್ರೆ ಬೇಡಮ್ಮ. ಊಟ ಆಯ್ತಾ?"

"ಇಲ್ಲ."

ಇಬ್ಬರೂ ಊಟದ ಮನೆಗೆ ನಡೆದರು. ಅನ್ನ ಆರಿಹೋಗಿತ್ತು. ಮೊದಲ ತುತ್ತಿಗೇ ನರ್ಸಕ್ಕನ ಕಣ್ಣು ತುಂಬಿತು. ಮಗಳು ಊಟಕ್ಕೆ ಎಷ್ಟು ಸತಾಯಿಸುತ್ತಿದ್ದಳೆಂದು ಹೇಳತೊಡಗಿದಳು. ಮೇಡಂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.