ಎರಡನೇ ಸಾಲಿನ ಸಸಿಗಳು

ಹರಿಹರದ ವಾಮದೇವಪ್ಪ ಎರಡು ಅಡಿಕೆ ಸಸಿಗಳನ್ನು ಚೀಲ ಹರಿದು ತೆಗೆದು, ಬೇರು ತೊಳೆದು ಅಕ್ಕಪಕ್ಕ ಮಲಗಿಸಿದ. ಯಾವುದು ಯಾವ ಸಾಲಿನದೆಂದು ಸಾಕಿದ ತನುಶ್ರೀಗೇ ಗುರುತು ಸಿಗಲಿಲ್ಲ. ಅದೇ ಎತ್ತರ, ಅದೇ ನಾಲ್ಕೆಲೆ, ಅದೇ ಬಿಳಿ ಬೇರಿನ ಜೊಂಪೆ.

ಶಾಮನೂರಿನ ಅಂಚಿನಲ್ಲಿದ್ದ ಆ ನರ್ಸರಿ ಅವಳ ಅಪ್ಪ ಮಾಲತೇಶಪ್ಪನದು. ಹುಳಿ ಮಜ್ಜಿಗೆಗೆ ತೆಂಗಿನ ಹಾಲು ಬೆರೆಸಿ, ವಾರ ಕಾಲ ಮಡಕೆಯಲ್ಲಿ ಹುದುಗಲು ಬಿಟ್ಟು, ನೀರು ಕೂಡಿಸಿ ಬುಡಕ್ಕೆ ಹೊಯ್ದರೆ ಎಳೆ ಸಸಿ ಚುರುಕಾಗುತ್ತದೆಂಬುದು ತನುಶ್ರೀಯ ಹಟ. ಅಪ್ಪನಿಗೆ ಅಂಗಡಿಯ ಬಾಟಲಿ ಟಾನಿಕ್ಕೇ ಸೈ. ಕೊನೆಗೆ ಮನೆಯಲ್ಲಿ ಮಾತಾಗಿತ್ತು: ಒಂದು ಸಾಲಿಗೆ ಅವಳ ಮದ್ದು, ಇನ್ನೊಂದಕ್ಕೆ ಬರೀ ನೀರು; ಐದು ತಿಂಗಳ ಮೇಲೆ ಹಳೇ ಗಿರಾಕಿ ವಾಮದೇವಪ್ಪ ನೋಡಿ ಹೇಳಬೇಕು. ವ್ಯತ್ಯಾಸ ಕಾಣದಿದ್ದರೆ ಮಡಕೆ ತಿಪ್ಪೆಗೆ, ತನುಶ್ರೀ ದಾವಣಗೆರೆಯ ಗೊಬ್ಬರದಂಗಡಿಯ ಕೌಂಟರಿನ ಕೆಲಸಕ್ಕೆ.

“ಅವಳಿ ಮಕ್ಕಳು ಇದ್ದಂಗದಾವಲ್ಲೋ ಮಾಲತೇಶಪ್ಪ,” ಎಂದ ವಾಮದೇವಪ್ಪ.

ಮಡಕೆ ಚೆಲ್ಲಿ ಬಾ ಎಂದು ಅಪ್ಪ ತಣ್ಣಗೆ ಹೇಳಿದ. ತನುಶ್ರೀ ಸಸಿಗಳ ಪಕ್ಕ ಕುಕ್ಕರಿಸಿದಳು. ನಂಬಲಾಗದೆ ಬರೀ ನೀರಿನ ಸಾಲಿನಿಂದ ಒಂದು ಹಿಡಿ ಮಣ್ಣು ತೆಗೆದು ಮೂಗಿಗೆ ಹಿಡಿದಳು. ಹುಳಿ ಮಜ್ಜಿಗೆಯ ವಾಸನೆ!

ದಿನಾ ಸಸಿಗೆ ನೀರು, ಮದ್ದು ಹಾಕುತ್ತಿದ್ದವಳು ಅಜ್ಜಿ ಕಾಳವ್ವ. ನೆರಳುಪರದೆಯ ಕಂಬಕ್ಕೊರಗಿ ಎಲೆಯಡಿಕೆ ಮೆಲ್ಲುತ್ತಿದ್ದಳು.

“ಅಜ್ಜಿ, ಇದಕ್ಕೂ ಹಾಕಿದ್ಯಾ?”

“ಹೂಂ, ಮೊದಲ್ನೇ ದಿನದಿಂದ್ಲೂ. ನೀನು ಅಳೆದಿಟ್ಟಿದ್ದನ್ನೇ ಅರ್ಧರ್ಧ ಹಂಚೀನಿ, ಒಂದು ಹನಿ ಜಾಸ್ತಿ ಇಲ್ಲ,” ಎಂದಳು ಕಾಳವ್ವ. “ಒಂದೇ ಪಂಕ್ತ್ಯಾಗೆ ಕುಂದ್ರಿಸಿ, ಆ ಕೂಸಿಗೆ ಬಡ್ಸು, ಈ ಕೂಸಿಗೆ ಬರೇ ನೀರು ಕೊಡು ಅಂದ್ರೆ ನನ್ನ ಕೈ ಹೆಂಗೆ ಬರ್ತೈತೆ ಹೇಳು?”

ಎರಡನೇ ಪಂಕ್ತಿಗೆ ತುಪ್ಪ ಬಡಿಸದ ರಾಣಿಯ ಬಲಗೈ ಮರದ ಸೌಟಾಗಿ ಹೋದ ಕತೆಯನ್ನು ತನುಶ್ರೀ ಈ ಅಜ್ಜಿಯ ಮಡಿಲಲ್ಲೇ ನೂರು ಸಲ ಕೇಳಿದ್ದಳು. ಆದರೂ ಆ ಅಜ್ಜಿಯ ಕೈಗೇ ಮದ್ದಿನ ತಂಬಿಗೆ ಕೊಟ್ಟಿದ್ದಳಲ್ಲ!

ಆಡಿದ ಮಾತು ಆಡಿದ್ದೇ ಎಂದು ಅಪ್ಪ ಪಟ್ಟು ಹಿಡಿದ. ವಾಮದೇವಪ್ಪನೇ ಅಡ್ಡ ಬಂದು, ನಾಳೆ ಈ ಸಸಿಗಳನ್ನು ತೋಟದಲ್ಲಿ ನೆಡುವವನು ತಾನು, ತನಗೂ ನಿಜ ಗೊತ್ತಾಗಬೇಕು ಎಂದ. ಹೊಸದಾಗಿ ಮೊಳೆತ ನಲವತ್ತು ಸಸಿ ಹರಿಹರದ ತನ್ನ ಹಿತ್ತಲಲ್ಲಿರಲಿ, ಹೆಂಡತಿ ಅನ್ನಪೂರ್ಣಮ್ಮ ನೋಡಿಕೊಳ್ಳುತ್ತಾಳೆ ಎಂದೂ ಹೇಳಿದ. ಅಪ್ಪ ತಲೆ ಕೆರೆದುಕೊಂಡು ಒಪ್ಪಿದ. “ನಮ್ಮವ್ವನ ಕಣ್ಣಿಗೆ ಬೀಳದಂಗೆ ಬೆಳೀಲಿ ಬಿಡ್ರಿ, ಸಾವ್ಕಾರ್ರೆ.”

ಲಗೇಜ್ ಆಟೋ ಬಂತು. ಇಪ್ಪತ್ತು ಚೀಲಕ್ಕೆ ತನುಶ್ರೀ ಕೆಂಪು ದಾರ ಕಟ್ಟಿದಳು. ಮದ್ದು ಅವಕ್ಕೆ ಮಾತ್ರ. ದಾರವಿಲ್ಲದವುಗಳ ಕ್ರೇಟನ್ನು ಒಳಗೆ ತಳ್ಳುವಾಗ ಏನೋ ಠಣ್ ಎಂದಿತು. ಗೋಣಿ ಸರಿಸಿದರೆ ಒಂದು ಬಾಟಲಿ. ಬಾಯಿಗೆ ಅಜ್ಜಿಯ ಹಳೇ ಸೀರೆಯ ಚೂರು. ಒಳಗೆ ಅದೇ ಹುಳಿ ವಾಸನೆ.

ತಿರುಗಿ ನೋಡಿದಳು. ಕಾಳವ್ವ ಕಂಬ ಹಿಡಿದು ನಿಂತಿದ್ದಳು. ತೆಗೀಬ್ಯಾಡ ಎನ್ನುವಂತೆ ತುಟಿ ಅಲುಗಿತು.

ತನುಶ್ರೀ ಬಾಟಲಿಯನ್ನು ಹೊರಗೆಳೆದಳು.

ಅಜ್ಜಿ ಮುಖ ತಿರುಗಿಸಿದಳು. ಆಟೋ ಹೊರಟು, ದಾರವಿಲ್ಲದ ಇಪ್ಪತ್ತು ಮೊಳಕೆಗಳು ತಲೆಯಾಡಿಸುತ್ತ ಹರಿಹರದ ದಾರಿ ಹಿಡಿದವು. ಬಾಟಲಿ ಕೆಳಗಿಡಲು ತನುಶ್ರೀ ಬಗ್ಗಿದಳು. ಬಲಗೈ ಮರಗಟ್ಟಿತ್ತು, ಬೆರಳು ಬಿಚ್ಚಲೇ ಇಲ್ಲ.