ಮ್ಯಾನೇಜರು ಉಂಡ ಗಂಜಿ

ಮೇ ತಿಂಗಳ ಹತ್ತನೇ ತಾರೀಕಿನ ಸಂಜೆ ಮಹೇಶ್ವರ ಚಪ್ಪಲಿ ಬಿಡುವ ಮೊದಲೇ ಸರೋಜಳಿಗೆ ಗೊತ್ತಾಯಿತು, ಇವತ್ತೂ ಸಂಬಳ ಆಗಿಲ್ಲ. ಸಂಬಳವಾದ ದಿನ ಅವನು ಬಾಗಿಲಲ್ಲೇ ಮಕ್ಕಳನ್ನು ಕೂಗುತ್ತಿದ್ದ. ಆಗದ ದಿನ ಸೀದಾ ಹಿತ್ತಲಿಗೆ ಹೋಗಿ, ಕೈಕಾಲು ತೊಳೆಯುವ ನೆಪದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದ.

"ಇಪ್ಪತ್ತನೇ ತಾರೀಕು ಗ್ಯಾರಂಟಿ ಅಂತೆ," ಎಂದ ಅಲ್ಲಿಂದಲೇ.

"ಒಂದನೇ ತಾರೀಕು ಕೇಳಿದ್ರೆ ಐದು ಅಂದ್ರು. ಐದಕ್ಕೆ ಹತ್ತು ಅಂದ್ರು. ಹತ್ತಕ್ಕೆ ಇಪ್ಪತ್ತಾ? ನಮ್ಮ ಹೊಟ್ಟೆಗೂ ಹಾಗೇ ಹೇಳಕ್ಕೆ ಬರ್ತದಾ?"

"ನನ್ನ ಎಂತಕ್ಕೆ ಕೇಳ್ತೀಯ ಮಾರಾಯ್ತಿ? ನಾನೇನು ಮಾಲೀಕನಾ?"

"ಯಾರ್ಡಲ್ಲಿ ಈ ಗಂಟಲು ಎಲ್ಲಿಗೆ ಹೋಗಿರ್ತದೆ?"

ಅವನು ಇನ್ನೊಂದು ಚೊಂಬು ನೀರು ಕಾಲಿಗೆ ಸುರಿದುಕೊಂಡ. ಹರಿಹರಪುರದ ರಸ್ತೆಯಲ್ಲಿದ್ದ ಆ ಯಾರ್ಡಿನಲ್ಲಿ ಬೇಲಿಕಂಬ, ಬಾವಿಗಿಳಿಸುವ ಸಿಮೆಂಟ್ ರಿಂಗು ಎರಕ ಹಾಕುತ್ತಿದ್ದರು. ಹನ್ನೊಂದು ಜನ ಆಳುಗಳು. ಮಹೇಶ್ವರನದು ಕಬ್ಬಿಣದ ಸರಳು ಬಗ್ಗಿಸಿ ಎರಕದೊಳಗಿಡುವ ಪಂಜರ ಕಟ್ಟುವ ಕೆಲಸ. ನಾಲ್ಕು ವರ್ಷದಿಂದ ಅಲ್ಲೇ ಇದ್ದ. ಮಾಲೀಕರು ಶಿವಮೊಗ್ಗದಲ್ಲಿ. ಇಲ್ಲಿನದೆಲ್ಲ ಮ್ಯಾನೇಜರ್ ಜಯದೇವಪ್ಪನ ಕೈಯಲ್ಲಿ.

ಸರೋಜ ಒಳಗೆ ಹೋಗಿ ಅಕ್ಕಿಯ ಡಬ್ಬ ಅಲುಗಿಸಿದಳು. ನಾಲ್ಕೈದು ಪಾವು ಇರಬಹುದು. ಅನ್ನ ಮಾಡಿದರೆ ಎರಡೇ ದಿನ. ಗಂಜಿ ಮಾಡಿ, ನೀರು ಹೆಚ್ಚಿಟ್ಟು, ದಿನಕ್ಕೆ ಒಂದು ಪಾವಿನಲ್ಲಿ ನಾಲ್ಕು ಜನ ಸುಧಾರಿಸಿದರೆ ಭಾನುವಾರದವರೆಗೆ ಬಂದೀತು. ಭಾನುವಾರ ಹದಿನಾಲ್ಕು. ಇಪ್ಪತ್ತಕ್ಕೆ ಇನ್ನೂ ಆರು ದಿನ.

ಶಾಲೆಯಿದ್ದಿದ್ದರೆ ಇಷ್ಟು ಬಿಗಿಯಾಗುತ್ತಿರಲಿಲ್ಲ. ಹತ್ತು ವರ್ಷದ ಅರ್ಪಿತಾ, ಆರು ವರ್ಷದ ದೀಪು ಇಬ್ಬರೂ ಮಧ್ಯಾಹ್ನ ಶಾಲೆಯಲ್ಲೇ ಬಿಸಿಯೂಟ ಉಂಡು ಬರುತ್ತಿದ್ದರು. ಈಗ ಬೇಸಿಗೆ ರಜೆ. ಮಕ್ಕಳಿಗೆ ರಜೆ ಕೊಟ್ಟವರು ಅವರ ಹೊಟ್ಟೆಗೂ ರಜೆ ಕೊಟ್ಟಿದ್ದರು. ಸರೋಜ ಬಟ್ಟೆ ಪಾತ್ರೆ ತೊಳೆಯುತ್ತಿದ್ದ ಮನೆಯವರೂ ರಜೆಗೆಂದು ಮಂಗಳೂರಿಗೆ ಹೋಗಿದ್ದರು. "ನಾವು ಇಲ್ಲದ ತಿಂಗಳು ನಿಂಗೂ ಆರಾಮ ಅಲ್ವಾ ಸರೋಜ," ಎಂದು ಆ ಮನೆಯೊಡತಿ ಗೇಟಿಗೆ ಬೀಗ ಹಾಕುತ್ತಾ ನಕ್ಕಿದ್ದಳು. ಆರಾಮ! ಆ ಮಾತು ನೆನಪಾದಾಗಲೆಲ್ಲ ಸರೋಜ ಕೈಯಲ್ಲಿದ್ದ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದಳು. ಶಿವಶಂಕರಪ್ಪನ ಅಂಗಡಿಯಲ್ಲಿ ಮೂರನೇ ತಾರೀಕಿಗೇ ಉದ್ರಿ ನಿಂತಿತ್ತು. ರೇಷನ್ ಕಾರ್ಡು ಮಹೇಶ್ವರನ ಅಣ್ಣನ ಹೆಸರಿನಲ್ಲಿ ಹಿರೇಕೊಡಿಗೆಯಲ್ಲಿತ್ತು. ಅಲ್ಲಿ ಇವರ ನಾಲ್ಕು ಹೆಸರಿನ ಅಕ್ಕಿಯನ್ನೂ ಅಣ್ಣನ ಮನೆಯವರೇ ಬೇಯಿಸಿ ಉಣ್ಣುತ್ತಿದ್ದರು. ಕೇಳೋಣವೆಂದರೆ ಮಹೇಶ್ವರನಿಗೆ ಅಲ್ಲೂ ಗಂಟಲು ಏಳುತ್ತಿರಲಿಲ್ಲ.

ಹಲಸಿನ ಕಾಲವಾದ್ದರಿಂದ ಅಷ್ಟರಮಟ್ಟಿಗೆ ಬಚಾವು. ಸರೋಜ ಮಕ್ಕಳನ್ನು ಕಟ್ಟಿಕೊಂಡು ರಸ್ತೆಬದಿಯ ಮರಗಳ ಕೆಳಗೆ ಹೋಗಿ, ಜನ ತೊಳೆ ತಿಂದು ಎಸೆದಿದ್ದ ಬೀಜ ಆರಿಸಿದಳು. ಬೇಯಿಸಿ, ಜಜ್ಜಿ, ಉಪ್ಪು ಖಾರ ಹಾಕಿ ಗಂಜಿಗೆ ನಂಚಿಕೊಳ್ಳಲು ಕೊಟ್ಟಳು. ಕಾಡುಮಾವಿನ ಕಾಯಿ ಕಿವುಚಿ ಬೆಲ್ಲವಿಲ್ಲದ ಗೊಜ್ಜು ಮಾಡಿದಳು. ದೀಪುವಿಗೆ ಎರಡನೇ ದಿನವೇ ಹೊಟ್ಟೆ ಉಬ್ಬರಿಸಿತು. "ಅಮ್ಮ, ಬೀಜ ಬ್ಯಾಡ, ಅನ್ನ ಹಾಕು," ಎಂದು ಹಟ ಹಿಡಿದ. ಅವನ ಬೆನ್ನಿಗೆ ಒಂದು ಬಿಟ್ಟಳು. ಬಿಟ್ಟ ಕೈಯನ್ನು ಆಮೇಲೆ ಎಲ್ಲಿಡುವುದೆಂದು ತಿಳಿಯದೆ ಹಿತ್ತಲಿಗೆ ಹೋಗಿ ಸುಮ್ಮನೆ ಕಸ ಗುಡಿಸಿದಳು. ಹೊಡೆಯಬೇಕಾದ್ದು ಯಾರಿಗೆ, ಹೊಡೆದದ್ದು ಯಾರಿಗೆ!

ಹಿತ್ತಲಿನಲ್ಲಿ ಒಂದು ಕೋಳಿಯಿತ್ತು, ಕೆಂಪು ಹ್ಯಾಟೆ. ದಿನಬಿಟ್ಟು ದಿನ ಮೊಟ್ಟೆಯಿಡುತ್ತಿತ್ತು. ಆ ಒಂದು ಮೊಟ್ಟೆಗೆ ಈರುಳ್ಳಿ ಹಾಕಿ ಹೊಯ್ದು ಎರಡು ಪಾಲು ಮಾಡಿ ಮಕ್ಕಳಿಗೆ ಕೊಡುತ್ತಿದ್ದಳು.

ಶನಿವಾರ ಸಂಜೆ ಮಹೇಶ್ವರ ಹಿತ್ತಲಿಗೆ ಹೋಗದೆ ಒಳಗೇ ಬಂದ. ಸರೋಜಳಿಗೆ ಎದೆ ಹಗುರಾಯಿತು, ಸಂಬಳ ಆಗಿರಬೇಕು.

"ನಾಳೆ ಮಧ್ಯಾಹ್ನ ಜಯದೇವಪ್ಪೋರನ್ನ ಊಟಕ್ಕೆ ಕರ್ದಿದೀನಿ," ಎಂದ.

ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅವಳು ಅವನ ಮುಖ ನೋಡಿದಳು.

"ಹಂಗೆ ನೋಡಬೇಡ ಮಾರಾಯ್ತಿ. ಮನುಷ್ಯ ಊಟಪ್ರಿಯ. ಒಂದು ಹೊತ್ತು ಚೆನ್ನಾಗಿ ಬಡಿಸಿದ್ರೆ ಸೋಮವಾರ ನಂದೊಬ್ಬಂದಾದ್ರೂ ಸಂಬಳ ಬಿಡಿಸ್ತಾನೆ. ಉಳಿದೋರಿಗೆ ಹೇಳದು ಬೇಡ ಅಂದಿದಾನೆ."

"ಎಂತ ಬಡಿಸದು?"

"ಕೋಳಿ ಇದೆಯಲ್ಲ."

ಮೂಲೆಯಲ್ಲಿ ಕೂತಿದ್ದ ಅರ್ಪಿತಾ ತಲೆಯೆತ್ತಿದಳು. ಸರೋಜ ಏನೂ ಹೇಳಲಿಲ್ಲ. ಹೇಳಲು ಹೋದರೆ ಎಲ್ಲಿಗೆ ನಿಲ್ಲುತ್ತದೋ ಎಂದು ಅವಳಿಗೇ ಹೆದರಿಕೆಯಾಗಿತ್ತು. ಮಹೇಶ್ವರ ಆ ಮೌನವನ್ನು ಒಪ್ಪಿಗೆಯೆಂದುಕೊಂಡು, "ಬೆಳಿಗ್ಗೆ ನಾನೇ ಕುಯ್ದು ಕೊಡ್ತೀನಿ. ಮಸಾಲೆ ನೀನು ನೋಡ್ಕೊ," ಎಂದ.

ಬೆಳಗಾಗುತ್ತಿದ್ದಂತೆ ಸರೋಜ ಕೋಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಸಾಲಿನ ಖುರ್ಷಿದಾಳ ಮನೆಗೆ ಹೋದಳು. ಖುರ್ಷಿದಾಳ ಗಂಡ ಜಲಾಲುದ್ದೀನ್ ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ, ಬ್ಯಾಗು ರಿಪೇರಿ ಮಾಡುತ್ತಿದ್ದ. ಮಳೆಯಿಲ್ಲದ ಬೇಸಿಗೆಯಲ್ಲಿ ಅವರಿಗೂ ಗಿರಾಕಿ ಕಡಿಮೆ.

"ಇವತ್ತೊಂದಿನ ಇಟ್ಕೊ ಖುರ್ಷಿದಾ. ನಮ್ಮ ಯಜಮಾನರು ಕೇಳಿದ್ರೆ ನೋಡಿಲ್ಲ ಅನ್ನು."

ವಿಷಯ ಕೇಳಿ ಖುರ್ಷಿದಾ ಕೋಳಿಯನ್ನು ಬುಟ್ಟಿಯಡಿ ಮುಚ್ಚಿ ಮೇಲೊಂದು ಕಲ್ಲಿಟ್ಟಳು. "ಮತ್ತೆ ಅವನಿಗೆ ಎಂತ ಮಾಡ್ತೀಯ ಸರೋಜಕ್ಕ? ನಮ್ಮಲ್ಲಿ ಒಳ್ಳೆ ಅಕ್ಕಿ ಎರಡು ಪಾವು ಇದೆ. ತಗೊಂಡ್ಹೋಗು, ಮರ್ಯಾದೆ ಪ್ರಶ್ನೆ."

"ಮಕ್ಕಳಿಗೆ ಆಗಿದ್ರೆ ಇಸ್ಕೊತಿದ್ದೆ ಕಣೇ. ಅವನಿಗೆ ಬೇಡ."

ಮಹೇಶ್ವರ ಕತ್ತಿ ಮಸೆದು ಹಿತ್ತಲಿಗೆ ಹೋದಾಗ ಗೂಡು ಖಾಲಿ. ಬಚ್ಚಲ ಹಿಂದೆ, ಸೌದೆ ಸಂದಿ, ಪಕ್ಕದವರ ಬೇಲಿ ಎಲ್ಲ ಹುಡುಕಿದ. ಬೆವರು ಒರೆಸುತ್ತಾ ಬಂದು ಒಲೆಯ ಮುಂದೆ ನಿಂತ.

"ಕೋಳಿ ಎಲ್ಲಿ?"

"ನಾನು ಕೊಟ್ಟುಬಂದೆ. ಯಾರಿಗೆ ಅಂತ ಕೇಳಬೇಡಿ."

"ತಲೆ ಕೆಟ್ಟಿದೆಯಾ ನಿಂಗೆ? ಹನ್ನೆರಡೂವರೆಗೆ ಬರ್ತಾರೆ ಅವರು!"

"ಬರಲಿ. ನಮ್ಮ ಊಟದ ಹೊತ್ತೂ ಅದೇ ಅಲ್ವಾ."

ಅವನು ಕೂಗಾಡಿದ, ಕೈಮುಗಿದ, ಕೊನೆಗೆ ಯಾರ ಹತ್ತಿರವಾದರೂ ಅರ್ಧ ಕೆಜಿ ಮಾಂಸಕ್ಕೆ ದುಡ್ಡು ಕೇಳಿ ತರುತ್ತೇನೆಂದು ಹೊರಟ. ಭಾನುವಾರ ಯಾರೂ ಕೊಡಲಿಲ್ಲ. ಅವನು ಬರಿಗೈಯಲ್ಲಿ ವಾಪಸು ಬರುವುದಕ್ಕೂ ಜಯದೇವಪ್ಪನ ಬೈಕು ಮನೆಮುಂದೆ ನಿಲ್ಲುವುದಕ್ಕೂ ಸರಿಹೋಯಿತು.

ಜಯದೇವಪ್ಪ ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಕೆಟ್ಟ ಮಾತಾಡುವವನಲ್ಲ. ದೀಪುವಿನ ಗಲ್ಲ ಹಿಂಡಿ, "ಎಂತ ಮರಿ, ಎಷ್ಟನೇ ಕ್ಲಾಸು?" ಎಂದು ವಿಚಾರಿಸಿದ. ಇದ್ದ ಒಂದೇ ಕುರ್ಚಿಯಲ್ಲಿ ಕೂತು ನೀರು ಕುಡಿದ. ಮಹೇಶ್ವರ ಗೋಡೆಗೆ ಅಂಟಿಕೊಂಡು ನಿಂತಿದ್ದ.

"ಸಂಬಳದ್ದು ತಲೆಬಿಸಿ ಮಾಡ್ಕೋಬೇಡ ಮಹೇಶ. ದುಡ್ಡು ಎಲ್ಲಿಗೂ ಹೋಗಿಲ್ಲ," ಎಂದ ಜಯದೇವಪ್ಪ, ಕರವಸ್ತ್ರದಿಂದ ಕುತ್ತಿಗೆ ಒರೆಸುತ್ತಾ. "ಮಾಲೀಕರು ಒಂದನೇ ತಾರೀಕೇ ಕಳಿಸಿದ್ರು. ಸಿಮೆಂಟಿಗೆ ರೇಟು ಏರ್ತದೆ ಅಂತ ಸುದ್ದಿ ಇತ್ತು ನೋಡು. ಆ ದುಡ್ಡಲ್ಲಿ ನಾನೇ ಒಂದು ಲೋಡು ಹಾಕಿಸಿಬಿಟ್ಟೆ. ಚೀಲಕ್ಕೆ ಹದಿನೈದು ರೂಪಾಯಿ ಉಳೀತು! ಮಾಲೀಕರಿಗೂ ಖುಷಿ. ರಿಂಗು ಕೊಂಡ ಪಾರ್ಟಿ ಇಪ್ಪತ್ತಕ್ಕೆ ದುಡ್ಡು ಕೊಡ್ತದೆ. ಅಲ್ಲೀವರೆಗೆ ನಿಮಗೆಲ್ಲ ಹೆಂಗೋ ನಡೀತದಲ್ಲ."

ಒಳಗೆ ಗಂಜಿ ತಿರುವುತ್ತಿದ್ದ ಸರೋಜಳ ಸೌಟು ನಿಂತಿತು. ಅಲ್ಲಿಯವರೆಗೆ ಮಾಲೀಕರ ಹತ್ತಿರ ದುಡ್ಡಿಲ್ಲವೆಂದೇ ಅವಳು ನಂಬಿದ್ದಳು. ಇಲ್ಲದವರ ಮೇಲೆ ಎಷ್ಟು ಸಿಟ್ಟು ಮಾಡುವುದು ಎಂದು ಒಂದೊಂದು ಸಲ ಸುಮ್ಮನಾಗಿದ್ದೂ ಉಂಟು. ದುಡ್ಡಿತ್ತು. ಒಂದನೇ ತಾರೀಕೇ ಬಂದಿತ್ತು. ತನ್ನ ಮಗು ಬೀಜ ತಿಂದು ಹೊಟ್ಟೆ ಹಿಡಿದುಕೊಂಡು ಅಳುವಾಗ ಅದು ಶೆಡ್ಡಿನಲ್ಲಿ ಸಿಮೆಂಟಿನ ಚೀಲಗಳಾಗಿ ರಾಶಿ ಬಿದ್ದಿತ್ತು.

ಅವಳು ಐದು ತಟ್ಟೆ ಹಾಕಿದಳು. ಐದಕ್ಕೂ ಒಂದೇ ಅಳತೆ ಗಂಜಿ, ಪಕ್ಕದಲ್ಲಿ ಜಜ್ಜಿದ ಹಲಸಿನ ಬೀಜ, ಒಂದು ಚೂರು ಮಾವಿನ ಗೊಜ್ಜು. ಮಕ್ಕಳನ್ನು ಕರೆದು ಮ್ಯಾನೇಜರ ಎದುರಿಗೇ ಕೂರಿಸಿದಳು.

ಜಯದೇವಪ್ಪ ತಟ್ಟೆ ನೋಡಿದ. ಆಮೇಲೆ ಒಲೆಯ ಕಡೆ ನೋಡಿದ, ಇನ್ನೇನೋ ಬರಲಿದೆಯೆಂಬಂತೆ.

"ಇಷ್ಟೇ," ಎಂದಳು ಸರೋಜ. "ನೀವು ಹೆಂಗೋ ನಡೀತದೆ ಅಂದ್ರಲ್ಲ, ಹೀಗೆ ನಡೀತದೆ. ಹತ್ತನೇ ತಾರೀಕಿಂದ ಎರಡೂ ಹೊತ್ತು ಇದೇ. ಅಕ್ಕಿ ಇವತ್ತಿಗೆ ಮುಗೀತು. ನಿಮ್ಮ ತಟ್ಟೇಲಿರದು ನಮ್ಮ ಮನೆಯ ರಾತ್ರಿ ಊಟ."

"ಸರೋಜ!" ಎಂದ ಮಹೇಶ್ವರ.

"ನೀವು ಸುಮ್ನಿರಿ. ಸಾರ್, ಚೀಲಕ್ಕೆ ಹದಿನೈದು ರೂಪಾಯಿ ಉಳಿಸಿದ್ರಿ, ಸಂತೋಷ. ಅದು ಇವನ ಹೊಟ್ಟೆಯಿಂದ ಉಳಿಸಿದ್ದು." ದೀಪುವಿನ ಅಂಗಿ ಮೇಲೆತ್ತಿ ಪಕ್ಕೆಲುಬು ತೋರಿಸಿದಳು. ಹುಡುಗ ನಾಚಿ ಅಂಗಿ ಎಳೆದುಕೊಂಡ. "ನಿಮಗೆ ಬಡಿಸಕ್ಕೆ ಅಂತ ಇವರಪ್ಪ ಮೊಟ್ಟೆ ಕೋಳಿ ಕುಯ್ಯಕ್ಕೆ ಹೊರಟಿದ್ರು. ದುಡಿದ ದುಡ್ಡು ನಮ್ಮದು. ಅದನ್ನ ಬೇಡಿ ತಗೊಳಕ್ಕೆ ಕೋಳೀನೂ ನಾವೇ ಕೊಡಬೇಕಾ?"

ಜಯದೇವಪ್ಪನ ಮುಖ ಕೆಂಪಾಯಿತು. "ಮನೆಗೆ ಕರೆದು ಅವಮಾನ ಮಾಡ್ತಿಯೇನಮ್ಮ?" ಎಂದು ಏಳಹೋದ.

"ಏಳಬೇಡಿ. ಅನ್ನ ಬಿಟ್ಟು ಏಳದು ಒಳ್ಳೇದಲ್ಲ. ಉಣ್ಣಿ."

ಅವಳ ದನಿ ಏರಿರಲಿಲ್ಲ. ಆದರೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು, ಕೈಯಲ್ಲಿ ಸೌಟಿತ್ತು. ಆ ಮನುಷ್ಯ ಮಕ್ಕಳ ಮುಖ ನೋಡಿ, ಮತ್ತೆ ಕೂತು ಮೂರು ತುತ್ತು ಉಂಡ. ಬೀಜ ಅಗಿಯುವ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ತಟ್ಟೆ ಸರಿಸಿ, ಕೈ ತೊಳೆದು, ಯಾರ ಮುಖವನ್ನೂ ನೋಡದೆ ಹೋದ. ಉಳಿದದ್ದನ್ನು ದೀಪು ತನ್ನ ತಟ್ಟೆಗೆ ಬಗ್ಗಿಸಿಕೊಂಡ.

"ಕೆಲಸ ಹೋಯ್ತು," ಎಂದ ಮಹೇಶ್ವರ. "ನಿನ್ನಿಂದ ಕೆಲಸ ಹೋಯ್ತು ಕಣೇ."

"ಸಂಬಳ ಇಲ್ಲದ ಕೆಲಸ ಹೋದ್ರೆ ಎಂತ ಹೋದಂಗೆ? ಉಳಿದ ಹತ್ತು ಜನರ ಬೆನ್ನ ಹಿಂದೆ ನಿಮ್ಮೊಬ್ಬರದು ಇಸ್ಕೊಳಕ್ಕೆ ಹೊರಟಿದ್ರಲ್ಲ, ನಾಚಿಕೆ ಆಗಲ್ವಾ? ಗಿಡ್ಡಯ್ಯನ ಮನೇಲಿ ಬಾಣಂತಿ ಇದಾಳೆ. ಅವಳು ಎಂತ ಉಂಡಳು ಅಂತ ಕೇಳಿದೀರಾ?"

ಸಂಜೆ ಸರೋಜ ಖುರ್ಷಿದಾಳ ಮನೆಯಿಂದ ಕೋಳಿಯ ಜೊತೆ ಇಸಿದುಕೊಂಡು ಬಂದ ಅಕ್ಕಿಯಲ್ಲಿ ರಾತ್ರಿ ಮಕ್ಕಳಿಗೆ ಅನ್ನವಾಯಿತು.

ಸೋಮವಾರ ಮಹೇಶ್ವರ ಹೆದರಿಕೊಂಡೇ ಕೆಲಸಕ್ಕೆ ಹೋದ. ಸರೋಜ ಮನೆಗೆಲಸ ಮುಗಿಸಿ ಗಿಡ್ಡಯ್ಯನ ಮನೆಗೆ ನಡೆದಳು. ಗಿಡ್ಡಯ್ಯ ಯಾರ್ಡಿನಲ್ಲಿ ರಿಂಗು ಉರುಳಿಸುವವನು. ಅವನ ತಾಯಿ ಬಾಗಿಲಲ್ಲಿ ಕೂತಿದ್ದಳು. ದುಡ್ಡು ಒಂದನೇ ತಾರೀಕೇ ಬಂದಿತ್ತು ಎಂದು ಸರೋಜ ಹೇಳಿದಾಗ ಆ ಮುದುಕಿ ಎರಡು ಸಲ ಕೇಳಿಸಿಕೊಂಡಳು. "ಸಿಮೆಂಟಾ?" ಎಂದಳು. "ನನ್ನ ಸೊಸೆಗೆ ಎದೆಹಾಲು ಬತ್ತಿಹೋಗಿದೆ, ಅವನು ಸಿಮೆಂಟು ತಗೊಂಡ್ನಾ?" ಎದ್ದು ಸೀರೆ ಬಿಗಿದುಕೊಂಡಳು. ಅಲ್ಲಿಂದ ಯಾರ್ಡಿನ ಇನ್ನೊಬ್ಬ ಆಳು ಲಿಂಗಪ್ಪನ ಮನೆ, ಅಲ್ಲಿಂದ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಏಳು ಹೆಂಗಸರು, ಒಂಬತ್ತು ಮಕ್ಕಳು ಹರಿಹರಪುರದ ರಸ್ತೆಯಲ್ಲಿ ಬಿಸಿಲಿಗೆ ನಡೆದು ಯಾರ್ಡಿನ ಆಫೀಸಿನ ಜಗಲಿಯಲ್ಲಿ ಕೂತಿದ್ದರು.

ಜಯದೇವಪ್ಪ ಹೊರಗೆ ಬಂದ. "ಎಂತ ಇದು? ಪೊಲೀಸ್ ಕರೆಸ್ಲಾ?"

"ಕರೆಸಿ," ಎಂದಳು ಸರೋಜ. "ಅವರ ಮುಂದೂ ಹೇಳ್ತೀವಿ. ಇಲ್ಲಾಂದ್ರೆ ಮಾಲೀಕರಿಗೆ ಫೋನು ಮಾಡಿ, ನಾನೇ ಮಾತಾಡ್ತೀನಿ. ಸಂಬಳದ ದುಡ್ಡು ಸಂಬಳ ಆಗಿಲ್ಲ ಅಂತ ಅವರಿಗೆ ಗೊತ್ತಿದೆಯಾ?"

"ಅದು... ಅದು ಬೇರೆ ಲೆಕ್ಕ," ಎಂದು ಅವನು ತಡವರಿಸಿದ. ಆ ತಡವರಿಕೆಯಲ್ಲೇ ಎಲ್ಲರಿಗೂ ಗೊತ್ತಾಯಿತು. ಸಿಮೆಂಟಿನಲ್ಲಿ ದುಡ್ಡು ಉಳಿಸಿದ್ದನ್ನು ಅವನು ಮಾಲೀಕರಿಗೆ ಹೇಳಿದ್ದ. ಯಾವ ದುಡ್ಡು ಎಂದು ಹೇಳಿರಲಿಲ್ಲ. ಯಾರ್ಡಿನಲ್ಲಿ ಯಂತ್ರ ನಿಂತಿತು. ಗಿಡ್ಡಯ್ಯ ಉರುಳಿಸುತ್ತಿದ್ದ ರಿಂಗನ್ನು ಅಲ್ಲೇ ಬಿಟ್ಟು ತಾಯಿಯ ಪಕ್ಕ ಬಂದು ನಿಂತ. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಎಲ್ಲರಿಗಿಂತ ಕೊನೆಗೆ ಮಹೇಶ್ವರ ಬಂದ, ಕೈಯಲ್ಲಿದ್ದ ತಂತಿ ಕಟ್ಟುವ ಇಕ್ಕಳವನ್ನು ಎಲ್ಲಿಡುವುದೆಂದು ತಿಳಿಯದೆ. ಜಗಲಿ ಹತ್ತಿ, ನೆಲ ನೋಡುತ್ತಾ, "ಸಾರ್, ಇವತ್ತು ಕೊಡಿ," ಎಂದ. ನಾಲ್ಕು ವರ್ಷದಲ್ಲಿ ಅವನು ಅಲ್ಲಿ ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

ಸಂಜೆಗೆ ಅರ್ಧ ಸಂಬಳ ಬಂತು, ಮಾರನೇ ದಿನ ಉಳಿದರ್ಧ. ಹಾಕಿಸಿದ್ದ ಸಿಮೆಂಟಿನಲ್ಲಿ ಮುಕ್ಕಾಲು ಪಾಲನ್ನು ಜಯದೇವಪ್ಪ ಯಾರಿಗೋ ಮಾರಿದನಂತೆ. ಸೋಮವಾರ ಕೆಲಸ ನಿಂತದ್ದಕ್ಕೆ ಎಲ್ಲರಿಗೂ ಅರ್ಧ ದಿನದ ಕೂಲಿ ಹಿಡಿದ. ಮಹೇಶ್ವರನನ್ನು ತೆಗೆಯಲಿಲ್ಲ, ಪಂಜರ ಕಟ್ಟುವವರು ಬೇರೆ ಯಾರೂ ಇರಲಿಲ್ಲ. ಆದರೆ ಅವನ ಜೊತೆ ಮಾತು ಬಿಟ್ಟ.

ಜೂನ್ ಒಂದನೇ ತಾರೀಕು ಮಹೇಶ್ವರ ಬಾಗಿಲಲ್ಲೇ ಮಕ್ಕಳನ್ನು ಕೂಗಿದ. ಕೈಯಲ್ಲಿ ಸಾಮಾನಿನ ಚೀಲವಿತ್ತು. "ಇವತ್ತೇ ಕೊಟ್ಟ ಮಾರಾಯ್ತಿ! ತಾನೇ ಕರ್ದು, 'ನಿನ್ನ ಹೆಂಡ್ತಿಗೆ ಹೇಳು, ಒಂದನೇ ತಾರೀಕೇ ಕೊಟ್ಟಿದೀನಿ ಅಂತ' ಅಂದ. ಪಾಪ, ಈಗ ಒಳ್ಳೇನಾಗಿದಾನೆ."

ಸರೋಜ ಚೀಲ ಇಸಿದುಕೊಂಡು ಅಕ್ಕಿಯನ್ನು ಡಬ್ಬಕ್ಕೆ ಸುರಿದಳು. ತುಂಬಿದ ಡಬ್ಬ ನೋಡಿದರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದೀಪು ಈಗಲೂ ತಟ್ಟೆಯ ಮುಂದೆ ಕೂತ ಕೂಡಲೇ ಪಾತ್ರೆಯಲ್ಲಿ ಎಷ್ಟಿದೆಯೆಂದು ಬಗ್ಗಿ ನೋಡುತ್ತಿದ್ದ. ಅರ್ಪಿತಾ ಕೇಳಿದರೂ ಎರಡನೇ ಸಲ ಹಾಕಿಸಿಕೊಳ್ಳುತ್ತಿರಲಿಲ್ಲ, ತಮ್ಮನಿಗಿರಲಿ ಎನ್ನುತ್ತಿದ್ದಳು.

"ಎಂತ ಪಾಪ?" ಎಂದಳು. "ಆ ಹದಿನೈದು ದಿನ ಮಕ್ಕಳು ಉಣ್ಣದೇ ಇದ್ದದ್ದನ್ನ ವಾಪಸ್ ಯಾರು ಕೊಡ್ತಾರೆ? ನಾಳೆ ಅದನ್ನ ಕೇಳ್ಕೊಂಡು ಬನ್ನಿ."

ಮಹೇಶ್ವರ ನಗುವುದನ್ನು ನಿಲ್ಲಿಸಿದ. ಖಾಲಿ ಚೀಲ ಮಡಿಸುತ್ತಾ, "ಭಾನುವಾರ ಹಿರೇಕೊಡಿಗೆಗೆ ಹೋಗ್ತೀನಿ. ಅಣ್ಣನ ಹತ್ರ ಕಾರ್ಡಿನ ವಿಷಯ ಮಾತಾಡ್ತೀನಿ," ಎಂದ.

"ಮಾತಾಡಿ," ಎಂದು ಸರೋಜ ಒಲೆಗೆ ಸೌದೆ ಒಟ್ಟಿದಳು. "ಗಂಟಲು ಏಳದಿದ್ರೆ ನಾನೂ ಬರ್ತೀನಿ."