ಟ್ರೆಗಾರ್ಡಿನ್ ಅಳಿದಿಲ್ಲ

ನಾನು ಒಂದು ಮನೆತನದ ಹೆಸರು, ಟ್ರೆಗಾರ್ಡಿನ್. ಇಂಗ್ಲೆಂಡಿನ ಪಡುವಣ ತುದಿಯಲ್ಲಿ, ಗಾಳಿಗೆ ಮರವೂ ನೆಟ್ಟಗೆ ನಿಲ್ಲದ ಗುಡ್ಡದ ಮೇಲೆ ಹುಟ್ಟಿದೆ. ಮೊದಲು ನಾನು ಆ ಜಾಗದ ಹೆಸರು. ಅಲ್ಲಿದ್ದ ಒಂದೇ ಒಂದು ಮನೆಯವರಿಗೂ ಅಂಟಿಕೊಂಡೆ. ರಾಜರು ಕೊಟ್ಟ ಬಿರುದೇನಲ್ಲ. ನನ್ನನ್ನು ಹೊತ್ತವರು ತಲೆಮಾರುಗಟ್ಟಲೆ ತವರದ ಗಣಿಯಲ್ಲಿ ಮೈ ಸವೆಸಿದರು.

ತವರ ಮುಗಿದಾಗ ವಿಲ್ಫ್ರೆಡ್ ಎಂಬವನು ನನ್ನನ್ನು ಕೋಲಾರದ ಚಿನ್ನದ ಗಣಿಗೆ ತಂದ. ಅಲ್ಲಿ ಆ ಊರಿನವಳೇ ಆದ ಅಂತೋಣಿಯಮ್ಮನನ್ನು ಚರ್ಚಿನಲ್ಲೇ, ಎಲ್ಲರೆದುರು ಮದುವೆಯಾದ. ಜೊತೆಯ ಬಿಳಿ ದೊರೆಗಳು ಅವನನ್ನು ಊಟಕ್ಕೆ ಕರೆಯುವುದನ್ನೇ ಬಿಟ್ಟರು. ಆಕೆ ಸತ್ತಾಗ ಸಮಾಧಿಯ ಕಲ್ಲಿನ ಮೇಲೆ ಬರೀ ‘ಅಂತೋಣಿಯಮ್ಮ’ ಎಂದಿತ್ತು. ನಲವತ್ತು ವರ್ಷ ನನ್ನನ್ನು ಹೊತ್ತವಳ ತಲೆಯ ಬಳಿ ನನಗೆ ಜಾಗವಿರಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ.

ಅತ್ತ ಇಂಗ್ಲೆಂಡಿನಲ್ಲಿ ಉಳಿದಿದ್ದ ಇಬ್ಬರು ಯುದ್ಧದಲ್ಲಿ ತೀರಿಕೊಂಡರು. ಇತ್ತ ಉಳಿದವಳು ವಿಲ್ಫ್ರೆಡ್‌ನ ಮೊಮ್ಮಗಳು ಡೆಲ್ಫಿನ್ ಒಬ್ಬಳೇ. ನರ್ಸಾಗಿದ್ದು ನಿವೃತ್ತಳಾದವಳು, ಮದುವೆಯಾಗಿರಲಿಲ್ಲ.

ಒಂದು ದಿನ ಅಪರೂಪದ ಹೆಸರುಗಳ ಚರಿತ್ರೆ ಬರೆಯುವ ಇಂಗ್ಲಿಷ್ ಮಹಾಶಯನೊಬ್ಬ ಬಂದ. ಡೆಲ್ಫಿನ್ ಟ್ರಂಕು ತೆಗೆದು ಅಜ್ಜ ಅಜ್ಜಿಯ ಮದುವೆಯ ಕಾಗದ ತೋರಿಸಿದಳು. “ನಮ್ಮಜ್ಜಿ ಹೆಸರೂ ಬರೀರಿ,” ಅಂದಳು. ಅವನು ಕಾಗದ ನೋಡಿದ, ಅವಳ ಮೈಬಣ್ಣ ನೋಡಿದ, ಟೀ ಕುಡಿದು ಹೋದ. ಮರುವರ್ಷ ಪುಸ್ತಕ ಅಂಚೆಯಲ್ಲಿ ಬಂತು. ಅದರಲ್ಲಿ ನನ್ನ ಬಗ್ಗೆ ಎರಡೇ ಸಾಲು: ಕೊನೆಯವರು ಯುದ್ಧದಲ್ಲಿ ಸತ್ತರು, ಈ ಹೆಸರು ಅಳಿದುಹೋಗಿದೆ.

ಎಂಥ ನಾಚಿಕೆಗೇಡು. ಅವಳ ಕೈಯ ಟೀ ಕುಡಿದ ಬಾಯಿ ಅದು.

ಡೆಲ್ಫಿನ್ ಅಳಲಿಲ್ಲ. ಕಲ್ಲು ಕೆತ್ತುವ ಮುನಿಶಾಮಿಯನ್ನು ಕರೆದುಕೊಂಡು ಅಜ್ಜಿಯ ಸಮಾಧಿಗೆ ಹೋದಳು. ನನ್ನನ್ನು ಬರೆದ ಚೀಟಿ ಕೊಟ್ಟಳು.

“ಇದ್ಯಾವ್ದಮ್ಮ ಹೆಸ್ರು?” ಅಂದ ಮುನಿಶಾಮಿ.

“ನಮ್ ತಾತನ ಊರಿಂದು ಕಣಪ್ಪ. ಅಲ್ಲಿಂದ ಮನೆತನಕ್ಕೆ ಬಂತು.”

“ಊರ ಹೆಸ್ರಾ? ಹಂಗಾದ್ರೆ ನಮ್ ಕಡೆ ತರ ಮುಂದೆ ಹಾಕ್ಲಾ?”

ಡೆಲ್ಫಿನ್ ಕಲ್ಲಿನ ಮೇಲೆ ಅಜ್ಜಿಯ ಹೆಸರಿಗಿಂತ ಮೊದಲಿದ್ದ ಖಾಲಿ ಜಾಗಕ್ಕೆ ಬೆರಳಿಟ್ಟಳು. “ಮುಂದೇನೇ ಹಾಕು. ನಮ್ಮಜ್ಜಿ ಈ ಊರೋಳು ತಾನೆ.”

ನೂರಾರು ವರ್ಷ ಹೆಸರುಗಳ ಬೆನ್ನ ಹಿಂದೆ ನಡೆದವನು ನಾನು. ಈಗ ಮುದಿವಯಸ್ಸಿನಲ್ಲಿ, ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬದ ಎದುರಿನ ಕಲ್ಲೊಂದರಲ್ಲಿ ಮೊದಲ ಸಲ ಮುಂದೆ ನಿಂತಿದ್ದೇನೆ: ಟ್ರೆಗಾರ್ಡಿನ್ ಅಂತೋಣಿಯಮ್ಮ. ಡೆಲ್ಫಿನ್ ಹೋದ ಮೇಲೆ ನನ್ನನ್ನು ಹೊರುವವರಿಲ್ಲ, ನಿಜ. ಆಗ ಬೇಕಾದರೆ ಅಳಿದೆ ಎಂದು ಬರೆದುಕೊಳ್ಳಲಿ. ಆದರೆ ಕೊನೆಯವಳು ಯಾರ ಮೊಮ್ಮಗಳು ಎಂದು ಈ ಕಲ್ಲನ್ನು ಓದಿ ಬರೆಯಲಿ.